ಕಷ್ಟದ ಗೇಮಿಗೆ ಗೈಡ್ ನೋಡುವ ಬಗೆ

ಸೆಕಿರೋ ಎಂಬ ಕತ್ತಿಕಾಳಗದ ಗೇಮ್ ಆಡಿದವರಿಗೆಲ್ಲ ಆ ಕೆಂಪು ಅಕ್ಷರ ಗೊತ್ತು. ಪರದೆಯ ಮೇಲೆ ಒಮ್ಮೆ ಮಿಂಚುತ್ತದೆ, ಮರುಕ್ಷಣ ನೀವು ನೆಲದ ಮೇಲೆ. ತೊಡಕು ಏನೆಂದರೆ ಒಂದೇ ಗುರುತು ಮೂರು ಬೇರೆ ಬೇರೆ ಏಟಿಗೆ ಬರುತ್ತದೆ. ತಿವಿಯಲು ಬಂದರೆ ಅದರ ಕಡೆಗೇ ನುಗ್ಗಿ ಮಿಕಿರಿ ಎಂಬ ಪ್ರತಿದಾಳಿ ಮಾಡಬೇಕು, ಕಾಲಿಗೆ ಬೀಸಿದರೆ ಜಿಗಿಯಬೇಕು, ಹಿಡಿಯಲು ಬಂದರೆ ದೂರ ಸರಿಯಬೇಕು. ಬಾಸ್, ಅಂದರೆ ದಾರಿ ಕಟ್ಟುವ ದೊಡ್ಡ ಶತ್ರು ಎದುರಾದಾಗ "ಈ ಬಾಸನ್ನು ಸೋಲಿಸುವುದು ಹೇಗೆ" ಎಂದು ಹುಡುಕಿದವರ ಮುಂದೆ ಇಪ್ಪತ್ತು ನಿಮಿಷದ ವಿಡಿಯೋ ಬಂದು ನಿಲ್ಲುತ್ತದೆ. "ಕೆಂಪು ಗುರುತಿನ ನಂತರ ಕಾಲಿಗೆ ಬೀಸಿದರೆ ಏನು ಮಾಡಬೇಕು" ಎಂದು ಹುಡುಕಿದವರಿಗೆ ಒಂದೇ ಸಾಲಿನ ಉತ್ತರ ಸಾಕು. ಗೇಮ್ ದಾಟಲು ನೆರವಾಗುವ ಬರಹ, ವಿಡಿಯೋಗಳೇ ಗೈಡ್; ಅದನ್ನು ಬಳಸುವುದರಲ್ಲಿ ಇರುವ ಜಾಣತನವೆಲ್ಲ ಹೆಚ್ಚುಕಡಿಮೆ ಈ ಎರಡನೇ ಬಗೆಯ ಪ್ರಶ್ನೆಯನ್ನು ಹುಟ್ಟಿಸಿಕೊಳ್ಳುವುದರಲ್ಲಿದೆ.

ಸತ್ತದ್ದು ಯಾಕೆ?

ಗೈಡ್ ತೆರೆಯುವ ಮೊದಲು ಮೂರು ಸಲ ಬಾಸಿನ ಎದುರು ಹೋಗಿ, ಗೆಲ್ಲುವ ಆಸೆ ಬಿಟ್ಟು. ಕತ್ತಿ ಎತ್ತಲೇಬೇಡಿ. ತಪ್ಪಿಸಿಕೊಳ್ಳುತ್ತ ಎರಡು ನಿಮಿಷ ಬದುಕಲು ನೋಡಿ. ಪ್ರತಿ ಸಲ ಸತ್ತಾಗ ಕಾಗದದ ಮೇಲೆ ಒಂದು ಸಾಲು ಬರೆದುಕೊಳ್ಳಿ: ಯಾವ ಏಟು, ಎಷ್ಟು ದೂರದಿಂದ, ಒಂದೇ ಏಟಿಗೆ ಎಷ್ಟು ಜೀವ ಹೋಯಿತು. ಮೂರು ಸಾಲು ಆಗುವಷ್ಟರಲ್ಲಿ ಕಾರಣ ಕಣ್ಣಿಗೆ ಬೀಳುತ್ತದೆ.

ಸಾಮಾನ್ಯವಾಗಿ ನಾಲ್ಕರಲ್ಲಿ ಒಂದು. ಮೊದಲನೆಯದು, ನಿಮಗೆ ಗೊತ್ತಿಲ್ಲದ ನಿಯಮ. ಸೆಕಿರೋದಲ್ಲಿ ಸರಪಳಿ ಬಿಗಿದ ಓಗ್ರೆ ಎಂಬ ದೈತ್ಯನಿಗೆ ಬೆಂಕಿ ಕಂಡರೆ ಭಯ. ಹಿರಾಟಾ ಎಸ್ಟೇಟ್‌ನಲ್ಲಿ ಸಿಗುವ ಫ್ಲೇಮ್ ಬ್ಯಾರೆಲ್‌ನಿಂದ ಫ್ಲೇಮ್ ವೆಂಟ್ ಎಂಬ ಬೆಂಕಿ ಉಗುಳುವ ಸಾಧನ ಮಾಡಿಸಿಕೊಂಡು ಬಂದರೆ ಅದೇ ಹೋರಾಟ ಅರ್ಧಕ್ಕರ್ಧ ಸಲೀಸು. ಎರಡನೆಯದು, ಸಂಖ್ಯೆ ಸಾಲದಿರುವುದು: ಎರಡೇ ಏಟಿಗೆ ನೀವು ಸಾಯುತ್ತೀರಿ, ನಿಮ್ಮ ಏಟು ಅದಕ್ಕೆ ಗೀರಿದಂತೆ ಮಾತ್ರ ಕಾಣುತ್ತದೆ. ಮೂರನೆಯದು ಕೈ. ಏಟು ಬರುವುದು ಕಾಣುತ್ತದೆ, ಬಟನ್ ಒತ್ತುವುದು ಮುಂಚೆ ಆಗುತ್ತದೆ ಇಲ್ಲವೇ ತಡ. ಕೊನೆಯದು, ನೀವು ಈಗ ಬರಬಾರದ ಜಾಗಕ್ಕೆ ಬಂದಿದ್ದೀರಿ. 2011ರ ಡಾರ್ಕ್ ಸೋಲ್ಸ್‌ನಲ್ಲಿ ಶುರುವಿನಲ್ಲೇ ಮೆಟ್ಟಿಲಿಳಿದು ನ್ಯೂ ಲಂಡೋ ಎಂಬ ಜಾಗಕ್ಕೆ ಹೋದವರ ಕತ್ತಿ ಅಲ್ಲಿನ ದೆವ್ವಗಳಿಗೆ ತಾಗುವುದೇ ಇಲ್ಲ, ಏಕೆಂದರೆ ಶಾಪ ತಗುಲಿದ ಸ್ಥಿತಿಯಲ್ಲಿದ್ದರೆ ಅಥವಾ ಅದಕ್ಕೆಂದೇ ಇರುವ ವಸ್ತು ಬಳಸಿದರೆ ಮಾತ್ರ ಅವುಗಳಿಗೆ ಏಟು ಬೀಳುತ್ತದೆ. ದಾರಿ ಇರುವುದು ಮೇಲಕ್ಕೆ, ಅನ್‌ಡೆಡ್ ಬರ್ಗ್ ಕಡೆಗೆ. ಇದನ್ನು "ಕಷ್ಟದ ಗೇಮ್" ಎಂದುಕೊಂಡು ಹಲ್ಲು ಕಚ್ಚಿ ಹೋರಾಡಿದರೆ ಸಂಜೆಯಿಡೀ ಗಾಳಿಗೆ ಗುದ್ದಿದ ಹಾಗೆ.

ಮೊದಲಿನದಕ್ಕೂ ಕೊನೆಯದಕ್ಕೂ ಗೈಡ್ ಒಂದೇ ನಿಮಿಷದಲ್ಲಿ ಉತ್ತರ ಕೊಡುತ್ತದೆ. ಎರಡನೆಯದಕ್ಕೆ ಸಾಮಗ್ರಿ ಎಲ್ಲಿ ಸಿಗುತ್ತದೆಂದು ಹೇಳಬಲ್ಲದು, ತಂದುಕೊಡುವ ಕೆಲಸ ನಿಮ್ಮದು. ಮೂರನೆಯದಕ್ಕೆ ಬರಹದ ಗೈಡ್ ಎಷ್ಟು ಓದಿದರೂ ಕೈ ಪಳಗುವುದಿಲ್ಲ. ಅದಕ್ಕೆ ವಿಡಿಯೋ ಬೇಕು, ಅದೂ ನಿಧಾನಗೊಳಿಸಿ ನೋಡಬೇಕು.

ಗೈಡ್ ನಿಮ್ಮ ಗೇಮಿನದೇ ಹೌದೇ?

ಇಲ್ಲಿ ಎಡವುವವರು ಬಹಳ. ಡಾರ್ಕ್ ಸೋಲ್ಸ್ 2 ಮೊದಲು ಬಂದದ್ದು 2014ರಲ್ಲಿ. 2015ರಲ್ಲಿ ಬಂದ ಸ್ಕಾಲರ್ ಆಫ್ ದಿ ಫಸ್ಟ್ ಸಿನ್ ಆವೃತ್ತಿಯಲ್ಲಿ ಶತ್ರುಗಳ ಜಾಗವನ್ನೂ ಎಷ್ಟೋ ವಸ್ತುಗಳ ಜಾಗವನ್ನೂ ಬದಲಿಸಿದರು. ಹಳೆಯ ಗೈಡ್ ಹಿಡಿದು ಹೊಸದನ್ನು ಆಡಿದರೆ, ಗೈಡ್ ಹೇಳಿದ ಮೂಲೆಯಲ್ಲಿ ಇರಬೇಕಾದ ಪೆಟ್ಟಿಗೆ ಇರುವುದಿಲ್ಲ, ಇರಬಾರದ ಸೈನಿಕ ನಿಂತಿರುತ್ತಾನೆ. ಎಲ್ಡನ್ ರಿಂಗ್ 2022ರ ಫೆಬ್ರವರಿಯಲ್ಲಿ ಬಿಡುಗಡೆಯಾಯಿತು; ಮುಂದಿನ ತಿಂಗಳೇ ಬಂದ 1.03 ಪ್ಯಾಚ್ (ಗೇಮಿನ ತಿದ್ದುಪಡಿ) ಮಿಮಿಕ್ ಟಿಯರ್ ಎಂಬ ನೆರವಿನ ಜೊತೆಗಾರ ಮತ್ತು ಹೋರ್‌ಫ್ರಾಸ್ಟ್ ಸ್ಟಾಂಪ್ ಎಂಬ ಹಿಮದ ಏಟು ಎರಡರ ಬಲವನ್ನೂ ಇಳಿಸಿತು. ಅದಕ್ಕೆ ಮುಂಚಿನ ವಾರಗಳಲ್ಲಿ ಬಂದ "ಇದೊಂದಿದ್ದರೆ ಸಾಕು" ಎನ್ನುವ ವಿಡಿಯೋಗಳು ಈಗಲೂ ಹುಡುಕಾಟದಲ್ಲಿ ಮೇಲೆ ಬರುತ್ತವೆ.

ಹಾಗಾಗಿ ಮೂರು ವಿಷಯ ನೋಡಿಕೊಳ್ಳಿ. ಗೇಮಿನ ಮುಖಪುಟದ ಮೂಲೆಯಲ್ಲಿರುವ ಆವೃತ್ತಿ ಸಂಖ್ಯೆ, ಗೈಡ್ ಕೊನೆಯ ಸಲ ತಿದ್ದಿದ ದಿನಾಂಕ, ಮತ್ತು ಅದು ಮೂಲ ಗೇಮಿನದೋ ರೀಮಾಸ್ಟರ್ ಎಂಬ ಹೊಸರೂಪದ್ದೋ ಎಂಬುದು. ಹುಡುಕುವಾಗ ಆವೃತ್ತಿಯ ಪೂರ್ತಿ ಹೆಸರನ್ನು ಸೇರಿಸಿ. ಹುಡುಕಾಟದ ಮೇಲ್ತುದಿಯಲ್ಲಿ ಬರುವ ಎಐ ಸಾರಾಂಶ ಎರಡು ಆವೃತ್ತಿಗಳನ್ನು ಕಲಸಿಬಿಡುವುದುಂಟು. ಅದನ್ನು ಸುಳಿವಾಗಿ ಇಟ್ಟುಕೊಂಡು, ವಸ್ತುವಿನ ಜಾಗವನ್ನು ಆಟಗಾರರೇ ಬರೆಯುವ ಗೇಮಿನ ವಿಕಿ ತಾಣದಲ್ಲಿ ಖಚಿತ ಮಾಡಿಕೊಂಡೇ ಹೊರಡಿ.

ಬಟನ್ ಹೆಸರೂ ಮೋಸ ಮಾಡುತ್ತದೆ. ಎಕ್ಸ್‌ಬಾಕ್ಸ್ ಕಂಟ್ರೋಲರಿನಲ್ಲಿ ಎ ಕೆಳಗಿದೆ, ಬಿ ಬಲಕ್ಕಿದೆ; ನಿಂಟೆಂಡೋದಲ್ಲಿ ಎ ಬಲಕ್ಕೆ, ಬಿ ಕೆಳಗೆ. ಎಕ್ಸ್ ಮತ್ತು ವೈ ಕೂಡ ಹಾಗೇ ಅದಲುಬದಲು. ಗೈಡಿನಲ್ಲಿ "ಬಿ ಒತ್ತಿ" ಎಂದಿದ್ದರೆ ಮನಸ್ಸಿನಲ್ಲಿ ಅದನ್ನು "ಬಲಗಡೆಯ ಬಟನ್" ಅಥವಾ "ಕೆಳಗಿನ ಬಟನ್" ಎಂದು ಬದಲಿಸಿಕೊಂಡು ಓದಿ.

ಮುಂಚೆಯೇ ಓದಬೇಕಾದ ಒಂದೇ ಭಾಗ

ಸಿಕ್ಕಿಹಾಕಿಕೊಂಡಾಗ ಮಾತ್ರ ಗೈಡ್ ನೋಡುವುದು ಒಳ್ಳೆಯ ನಿಯಮ. ಆದರೆ ಒಮ್ಮೆ ತಪ್ಪಿದರೆ ಮತ್ತೆ ಸಿಗದ ವಿಷಯಗಳಿಗೆ ಆ ನಿಯಮ ನಡೆಯದು. ಕೋಟೆ ಸೂರೆಯಾದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಗುತ್ತದೆ. 2006ರ ಮೂಲ ಫೈನಲ್ ಫ್ಯಾಂಟಸಿ 12 ಇದಕ್ಕೆ ಕುಖ್ಯಾತ: ನಾಲ್ಕು ನಿರ್ದಿಷ್ಟ ಪೆಟ್ಟಿಗೆಗಳನ್ನು ತೆರೆಯದೆ ಬಿಟ್ಟರೆ ಮಾತ್ರ ಮುಂದೆಂದೋ ಒಂದು ಪೆಟ್ಟಿಗೆಯಲ್ಲಿ ಝೋಡಿಯಾಕ್ ಸ್ಪಿಯರ್ ಎಂಬ ಬಲಶಾಲಿ ಭರ್ಚಿ ಖಚಿತವಾಗಿ ಸಿಗುತ್ತದೆ. ಯಾವ ನಾಲ್ಕು ಎಂಬುದಕ್ಕೆ ಗೇಮಿನೊಳಗೆ ಸುಳಿವೇ ಇಲ್ಲ. 2017ರ ಝೋಡಿಯಾಕ್ ಏಜ್‌ನಲ್ಲಿ ಈ ಕಟ್ಟಳೆ ಇಲ್ಲ. ಮತ್ತೆ ಅದೇ ಮಾತು, ಆವೃತ್ತಿ ನೋಡಿಕೊಳ್ಳಿ. ಪರ್ಸೋನಾ 5 ರಾಯಲ್‌ನಲ್ಲಿ ಮಾರುಕಿ ಎಂಬ ಪಾತ್ರದ ಜೊತೆಗಿನ ಗೆಳೆತನ ಗೇಮಿನ ಕ್ಯಾಲೆಂಡರಿನ ನವೆಂಬರ್ 18ರೊಳಗೆ 9ನೇ ರ‍್ಯಾಂಕ್ ಮುಟ್ಟದಿದ್ದರೆ ಮೂರನೇ ಸೆಮಿಸ್ಟರ್ ತೆರೆಯುವುದೇ ಇಲ್ಲ, ಅಂದರೆ ಕಥೆಯ ಒಂದು ದೊಡ್ಡ ತುಂಡೇ ಕೈತಪ್ಪುತ್ತದೆ.

ಸ್ಪಾಯ್ಲರ್, ಅಂದರೆ ಕಥೆಯ ಗುಟ್ಟು ಮೊದಲೇ ತಗುಲದಂತೆ ಇದನ್ನು ತಿಳಿಯಲು ಗೇಮಿನ ಹೆಸರಿನ ಜೊತೆ "ಮಿಸ್ಸಬಲ್" (ತಪ್ಪಿಹೋಗಬಲ್ಲದ್ದು) ಎಂಬ ಪದ ಸೇರಿಸಿ ಹುಡುಕಿ. ಸಿಕ್ಕ ಪಟ್ಟಿಯಿಂದ ಎರಡೇ ಕಾಲಂ ಬರೆದುಕೊಳ್ಳಿ: "ಎಲ್ಲಿಯವರೆಗೆ" ಮತ್ತು "ಏನು ಮಾಡಿರಬೇಕು". ಯಾಕೆ ಎಂಬುದನ್ನು ಓದಬೇಡಿ. ಕಥೆ ಒಡೆಯುವುದು ಆ ಕಾಲಂನಲ್ಲೇ. ಪಟ್ಟಿ ಹತ್ತು ಸಾಲು ಮೀರಿದರೆ ನಿಮಗೆ ನಿಜಕ್ಕೂ ಬೇಕಾದ್ದನ್ನಷ್ಟೇ ಉಳಿಸಿಕೊಳ್ಳಿ, ಎಲ್ಲ ಟ್ರೋಫಿ ಹೆಕ್ಕುವ ಹಟ ಮೊದಲ ಸಲಕ್ಕೆ ಬೇಡ. "ಇಲ್ಲಿ ಸೇವ್ ಮಾಡಿಕೊಳ್ಳಿ" ಎಂಬ ಸಲಹೆ ಡಾರ್ಕ್ ಸೋಲ್ಸ್ ತರಹದ ಗೇಮುಗಳಲ್ಲಿ ನಡೆಯುವುದಿಲ್ಲ ಎಂಬುದೂ ನೆನಪಿರಲಿ. ಅವು ತಾವಾಗಿಯೇ ಒಂದೇ ಸೇವ್‌ನ ಮೇಲೆ ಬರೆಯುತ್ತ ಹೋಗುತ್ತವೆ, ಹಿಂದಕ್ಕೆ ಹೋಗಲು ದಾರಿಯಿಲ್ಲ.

ಸುಳಿವನ್ನು ಹನಿಹನಿಯಾಗಿ ಪಡೆಯುವುದು

1980ರ ದಶಕದಲ್ಲಿ ಇನ್ಫೋಕಾಂ ಎಂಬ ಕಂಪನಿ ತನ್ನ ಪಠ್ಯ ಸಾಹಸ ಗೇಮುಗಳಿಗೆ ಇನ್‌ವಿಸಿಕ್ಲೂಸ್ ಎಂಬ ಪುಸ್ತಿಕೆ ಮಾರುತ್ತಿತ್ತು. ಪ್ರಶ್ನೆ ಕಾಣುವಂತೆ ಅಚ್ಚಾಗಿರುತ್ತಿತ್ತು, ಉತ್ತರ ಮಾತ್ರ ಕಾಣದ ಶಾಯಿಯಲ್ಲಿ. ಜೊತೆಗೆ ಕೊಟ್ಟ ಪೆನ್ನಿನಿಂದ ತಿಕ್ಕಿದರೆ ಒಂದೊಂದೇ ಸಾಲು ಮೂಡುತ್ತಿತ್ತು: ಮೊದಲು ಮಸುಕಾದ ಸುಳಿವು, ನಂತರ ಇನ್ನಷ್ಟು ಸ್ಪಷ್ಟ, ಕೊನೆಗೆ ನೇರ ಉತ್ತರ. 1988ರಲ್ಲಿ ಶುರುವಾದ ಯೂನಿವರ್ಸಲ್ ಹಿಂಟ್ ಸಿಸ್ಟಮ್ ಇದನ್ನೇ ಕಂಪ್ಯೂಟರಿಗೆ ತಂದಿತು. ಇಂದಿನ ಗೈಡುಗಳು ಇಷ್ಟು ತಾಳ್ಮೆಯವಲ್ಲ, ಎಲ್ಲವನ್ನೂ ಒಮ್ಮೆಗೇ ಸುರಿಯುತ್ತವೆ. ಆ ಶಾಯಿಯ ಕೆಲಸವನ್ನು ಈಗ ನೀವೇ ಮಾಡಿಕೊಳ್ಳಬೇಕು.

ವಿಕಿಯಲ್ಲಿ ಬಾಸಿನ ಪುಟ ತೆರೆದರೆ ಮೊದಲು ದೌರ್ಬಲ್ಯದ ಕೋಷ್ಟಕ ಮಾತ್ರ ನೋಡಿ: ಬೆಂಕಿಗೆ ಬಗ್ಗುತ್ತದೆಯೇ, ವಿಷ ಹತ್ತುತ್ತದೆಯೇ. ಪುಟ ಮುಚ್ಚಿ ನಾಲ್ಕೈದು ಸಲ ಆಡಿ. ಆಗದಿದ್ದರೆ ಏಟುಗಳ ಪಟ್ಟಿಗೆ ಬನ್ನಿ, ಅದರಲ್ಲೂ ನಿಮ್ಮ ಕಾಗದದಲ್ಲಿ ಬರೆದಿಟ್ಟ ಏಟನ್ನು ಮಾತ್ರ ಹುಡುಕಿ ಓದಿ. "ತಂತ್ರ" ಎಂಬ ಭಾಗ ಕೊನೆಗೆ. ಕಥೆಯ ಭಾಗವನ್ನೂ ಕೆಳಗಿನ ಕಾಮೆಂಟುಗಳನ್ನೂ ಗೆದ್ದ ಮೇಲೆ ಓದಬಹುದು.

ಗೇಮ್‌ಫ್ಯಾಕ್ಸ್ ಎಂಬ ಜಾಲತಾಣದಲ್ಲಿ 1995ರಿಂದ ಕೂಡಿಬಂದಿರುವ ಹಳೆಯ ಪಠ್ಯ ಗೈಡುಗಳಿಗೆ ಇನ್ನೊಂದು ಅನುಕೂಲವಿದೆ. ಎಷ್ಟೋ ಗೈಡುಗಳ ಪರಿವಿಡಿಯಲ್ಲಿ ಪ್ರತಿ ಭಾಗದ ಮುಂದೆ ಒಂದು ಸಣ್ಣ ಕೋಡ್ ಇರುತ್ತದೆ. ಕಂಟ್ರೋಲ್ ಎಫ್ ಒತ್ತಿ ಆ ಕೋಡ್ ಹಾಕಿದರೆ ನೇರ ಅಲ್ಲಿಗೇ ಹಾರುತ್ತೀರಿ, ನಡುವಿನದು ಕಣ್ಣಿಗೆ ಬೀಳುವುದಿಲ್ಲ. ಹಳೆಯ ಗೇಮುಗಳ ಮಟ್ಟಿಗೆ ಇವನ್ನು ಮೀರಿಸಿದ ವಿಡಿಯೋ ಇಲ್ಲ ಎಂದರೂ ನಡೆದೀತು.

ಹುಡುಕುವುದೇ ಒಂದು ಅಪಾಯ. ಪಾತ್ರದ ಹೆಸರು ಬೆರಳಚ್ಚಿಸುತ್ತಿದ್ದಂತೆ "ಸಾವು", "ದ್ರೋಹ" ಎಂದು ತಾನಾಗಿ ಪೂರ್ತಿಗೊಳ್ಳುವ ಸಾಲುಗಳು ಅರ್ಧ ಕಥೆ ಹೇಳಿಬಿಡುತ್ತವೆ. ಪಾತ್ರದ ಹೆಸರು ಬಿಟ್ಟು ಜಾಗದ ಹೆಸರಿನಿಂದ ಹುಡುಕಿ. ವಿಡಿಯೋಗಳನ್ನು ಬ್ರೌಸರಿನ ಖಾಸಗಿ ಕಿಟಕಿಯಲ್ಲಿ ನೋಡಿ. ಇಲ್ಲದಿದ್ದರೆ ನಾಳೆ ಬೆಳಿಗ್ಗೆ ಕೊನೆಯ ಬಾಸಿನ ಚಿತ್ರ ನಿಮ್ಮ ಶಿಫಾರಸು ಪಟ್ಟಿಯ ಮೊದಲ ಸಾಲಿನಲ್ಲಿರುತ್ತದೆ.

ಕೈ ತಪ್ಪುತ್ತಿದ್ದರೆ

ಯೂಟ್ಯೂಬ್‌ನಲ್ಲಿ ವೇಗವನ್ನು 0.25ಕ್ಕೆ ಇಳಿಸಿ. ಕಂಪ್ಯೂಟರಿನಲ್ಲಿದ್ದರೆ ವಿಡಿಯೋ ನಿಲ್ಲಿಸಿ ಪೂರ್ಣವಿರಾಮದ ಕೀ ಒತ್ತಿದರೆ ಒಂದು ಫ್ರೇಮ್ (ಒಂದು ಸ್ಥಿರಚಿತ್ರ) ಮುಂದೆ, ಅಲ್ಪವಿರಾಮದ ಕೀ ಒತ್ತಿದರೆ ಒಂದು ಹಿಂದೆ ಹೋಗುತ್ತದೆ. ಆಟಗಾರನನ್ನು ನೋಡಬೇಡಿ, ಬಾಸಿನ ಭುಜ ಮತ್ತು ಕಾಲು ನೋಡಿ. ಎಲ್ಡನ್ ರಿಂಗ್‌ನ ಮಾರ್ಗಿಟ್ ಎಂಬ ಬಾಸ್ ಕೋಲನ್ನು ಮೇಲೆತ್ತಿ ಬೇಕೆಂದೇ ತಡೆದು ಹಿಡಿಯುತ್ತಾನೆ. ಎತ್ತಿದ್ದನ್ನು ಕಂಡು ತಪ್ಪಿಸಿಕೊಳ್ಳಲು ಉರುಳಿದವರು ಎದ್ದು ನಿಲ್ಲುವ ಹೊತ್ತಿಗೆ ಏಟು ಇಳಿಯುತ್ತದೆ. ಉರುಳಬೇಕಾದ್ದು ಕೋಲು ಕೆಳಗಿಳಿಯಲು ಶುರುವಾದಾಗ. ಸೆಕೆಂಡಿಗೆ 60 ಫ್ರೇಮ್ ಓಡುವ ಗೇಮಿನಲ್ಲಿ ಒಂದು ಫ್ರೇಮ್ ಎಂದರೆ ಸುಮಾರು 16.7 ಮಿಲಿಸೆಕೆಂಡ್, 30 ಫ್ರೇಮಿನದರಲ್ಲಿ 33.3. ಗೈಡಿನಲ್ಲಿ "12 ಫ್ರೇಮ್" ಎಂದು ಕಂಡರೆ ಯಾವ ಲೆಕ್ಕದ 12 ಎಂದು ನೋಡಿಕೊಳ್ಳಿ, ಎರಡಕ್ಕೂ ಒಂದಕ್ಕೆರಡು ವ್ಯತ್ಯಾಸ.

ಎಲ್ಲ ಸರಿ ಮಾಡಿದರೂ ಸದಾ ಒಂದು ಚೂರು ತಡವಾಗುತ್ತಿದ್ದರೆ ಟಿವಿಯನ್ನು ಶಂಕಿಸಿ. ಚಿತ್ರವನ್ನು ಚೆಂದಗಾಣಿಸುವ ಸಂಸ್ಕರಣೆಗೆ ಸಮಯ ಹಿಡಿಯುತ್ತದೆ. ಸೆಟ್ಟಿಂಗ್‌ನಲ್ಲಿ ಗೇಮ್ ಮೋಡ್ ಹಾಕಿದರೆ ಆ ವಿಳಂಬ ಕಡಿಮೆಯಾಗುತ್ತದೆ.

ಬಿಲ್ಡ್ ಗೈಡಿನ ಬಲೆ

ಬಿಲ್ಡ್ ಎಂದರೆ ಪಾತ್ರಕ್ಕೆ ಕೊಡುವ ಅಂಕ, ಆಯುಧ, ಕವಚಗಳ ಜೋಡಣೆ. ಬಿಲ್ಡ್ ಗೈಡುಗಳು ತೋರಿಸುವುದು ಸಾಮಾನ್ಯವಾಗಿ ಮುಗಿದ ಮನೆಯನ್ನು. 150ನೇ ಲೆವೆಲ್ಲಿನಲ್ಲಿ ಹೊಳೆಯುವ ಆ ಪಾತ್ರ 40ನೇ ಲೆವೆಲ್ಲಿನಲ್ಲಿ ಹೇಗಿತ್ತು ಎಂದು ಹೇಳದ ಗೈಡ್ ನಿಮಗೆ ಈಗ ಉಪಯೋಗವಿಲ್ಲ. ಎಲ್ಡನ್ ರಿಂಗ್ ಆಡುವ ಹೊಸಬರು ಮಾಡುವ ತಪ್ಪು ಹೆಚ್ಚಾಗಿ ಇದೇ: ಕತ್ತಿಗೆ ಬೇಕಾದ ಅಂಕಗಳಿಗೆಲ್ಲ ಸುರಿದು, ಜೀವ ಹೆಚ್ಚಿಸುವ ಅಂಕವಾದ ವಿಗರ್ ಅನ್ನು ಶುರುವಿನಷ್ಟರಲ್ಲೇ ಬಿಡುವುದು. ವಿಗರ್ 40ಕ್ಕೆ 1450 ಎಚ್‌ಪಿ (ಜೀವದ ಅಳತೆ), 60ಕ್ಕೆ 1900; ಅಲ್ಲಿಂದ 99ರವರೆಗೆ ಏರಿಸಿದರೂ ಸಿಗುವುದು 200 ಮಾತ್ರ. ಆದ್ದರಿಂದ ಮೊದಲು 40, ಗೇಮಿನ ಕೊನೆಯ ಹೊತ್ತಿಗೆ 60, ಅಲ್ಲಿಗೆ ನಿಲ್ಲಿಸಿ. ಹೊತ್ತ ತೂಕ ಮಿತಿಯ 70 ಶೇಕಡಾ ದಾಟಿದರೆ ಉರುಳುವುದು ಭಾರವಾಗುತ್ತದೆ. ಗೈಡ್ ಹೇಳಿದ ಕವಚ ತೊಟ್ಟು ಸಾಯುತ್ತಿದ್ದರೆ ಮೊದಲು ಈ ಅಂಕಿ ನೋಡಿ. ಆಯುಧದ ದರ್ಜೆಯೂ ಹಾಗೆಯೇ. ಸಾಮಾನ್ಯ ಸ್ಮಿತಿಂಗ್ ಸ್ಟೋನ್ ಆಯುಧ +25ರವರೆಗೆ, ಸೋಂಬರ್ ಎಂಬ ಇನ್ನೊಂದು ಕಲ್ಲಿನಿಂದ ಏರಿಸುವ ಬಗೆಯದು +10ರವರೆಗೆ ಏರುತ್ತದೆ. ಗೈಡಿನವರು +9 ಸೋಂಬರ್ ಹಿಡಿದಿದ್ದರೆ, ನಿಮ್ಮ +9 ಸಾಮಾನ್ಯ ಕತ್ತಿ ಅದಕ್ಕೆ ಸಾಟಿಯಲ್ಲ.

2024ರ ಶ್ಯಾಡೋ ಆಫ್ ದಿ ಅರ್ಡ್‌ಟ್ರೀ ವಿಸ್ತರಣೆಗೆ ಬಂದರೆ ಲೆವೆಲ್ಲಿನ ಮಾತೇ ಹಿಂದಾಗುತ್ತದೆ. ಅಲ್ಲಿ ಎಣಿಕೆಗೆ ಬರುವುದು ಸ್ಕಾಡುಟ್ರೀ ತುಣುಕುಗಳು, 50 ತುಣುಕು ಕೂಡಿಸಿದರೆ ಅಲ್ಲಿ ನಿಮ್ಮ ಬಲ ಹೆಚ್ಚಿಸುವ ಆಶೀರ್ವಾದ 20ರ ತುದಿ ಮುಟ್ಟುತ್ತದೆ. ಅಲ್ಲಿ ಬಾಸ್ ಗೈಡ್ ಹುಡುಕುವ ಮೊದಲು ತುಣುಕಿನ ನಕ್ಷೆ ಹುಡುಕಿ.

ಹೇಳಿದಂತೆ ಮಾಡಿದರೂ ಆಗದಿದ್ದರೆ

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಐದಾರು ಸಲ ಆಡಿ. ಆಯುಧ, ತಾಲಿಸ್ಮನ್ (ತಾಯಿತ), ತಂತ್ರ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಕೆಲಸ ಮಾಡಿತೆಂದು ಗೊತ್ತಾಗುವುದಿಲ್ಲ. ಕಾಗದದಲ್ಲಿ ಸತ್ತ ಕಾರಣ ಬದಲಾಗುತ್ತಿದ್ದರೆ ಮುಂದೆ ಸಾಗುತ್ತಿದ್ದೀರಿ. ಹತ್ತು ಸಲವೂ ಒಂದೇ ಕಾರಣ ಬಂದರೆ ಗೈಡ್ ಬದಲಿಸಿ, ನಿಮ್ಮದೇ ಬಗೆಯ ಆಯುಧ ಹಿಡಿದವರ ಗೈಡ್ ಹುಡುಕಿ. ಗುರಾಣಿ ಹಿಡಿದವರ ಸಲಹೆ ಎರಡು ಕೈಯಲ್ಲಿ ಕತ್ತಿ ಹಿಡಿದವರಿಗೆ ಹೊಂದುವುದಿಲ್ಲ.

ಒಗಟಿನ ಗೇಮುಗಳಿಗೆ ಮೇಲಿನದು ಬಹುಪಾಲು ಅನ್ವಯಿಸದು. ಔಟರ್ ವೈಲ್ಡ್ಸ್‌ನಲ್ಲಿ ನೀವು ಗಳಿಸುವ ಒಂದೇ ಆಸ್ತಿ ತಿಳಿವಳಿಕೆ. ಗೈಡ್ ಓದಿದರೆ ಆ ಆಸ್ತಿಯನ್ನು ಬೇರೆಯವರು ಖರ್ಚು ಮಾಡಿದಂತೆ. ಅಲ್ಲಿ ಸಿಕ್ಕಿಕೊಂಡರೆ ಮೊದಲು ಹಡಗಿನ ಲಾಗ್ ತೆರೆಯಿರಿ, ಇನ್ನೂ ನೋಡುವುದು ಬಾಕಿಯಿರುವ ಜಾಗಗಳನ್ನು ಅದೇ ಗುರುತು ಮಾಡಿ ತೋರಿಸುತ್ತದೆ. 2022ರ ಟ್ಯೂನಿಕ್‌ನಲ್ಲಂತೂ ಗೈಡೇ ಗೇಮಿನೊಳಗಿದೆ: ಕೈಪಿಡಿಯ ಪುಟಗಳು ದಾರಿಯಲ್ಲಿ ಒಂದೊಂದಾಗಿ ಸಿಗುತ್ತವೆ, ಅಂಚಿನಲ್ಲಿ ಪೆನ್ನಿನ ಗೀಚುಗಳ ಸಮೇತ. ಹೊರಗಿನ ಗೈಡಿಗೆ ಹೋಗುವ ಮೊದಲು ಆ ಪುಟಗಳನ್ನು ದೊಡ್ಡದು ಮಾಡಿ ಮೂಲೆಮೂಲೆ ನೋಡಿ. ಇದಕ್ಕಿಂತ ಹೆಚ್ಚು ಹೇಳಿದರೆ ಇದೇ ಸ್ಪಾಯ್ಲರ್ ಆದೀತು.