‘ಏಲಿಯನ್’ ನೋಡಿ, ಆಮೇಲೆ ಹಗಲುಗನಸು ಕಾಣುವುದು ಹೇಗೆ?

1979ರ ಈ ಸಿನಿಮಾವನ್ನು ದಯವಿಟ್ಟು ಫೋನಿನಲ್ಲಿ ನೋಡಬೇಡಿ. ದೊಡ್ಡ ಪರದೆ ಇರಲಿ, ಲೈಟ್ ಆಫ್ ಮಾಡಿ. ಹೆಡ್‌ಫೋನ್ ಇದ್ದರೆ ಇನ್ನೂ ಒಳ್ಳೆಯದು, ಯಾಕಂದ್ರೆ ಅರ್ಧ ಭಯ ಇರುವುದು ಕಥೆ ನಡೆಯುವ ಆ ಬಾಹ್ಯಾಕಾಶ ಹಡಗಿನ ಗುಂಯ್ ಅನ್ನುವ ಸದ್ದಿನಲ್ಲೇ. ಮೊದಲು ಥಿಯೇಟರಿಗೆ ಬಂದ ಆವೃತ್ತಿಯನ್ನೇ ಹಾಕಿ. 2003ರಲ್ಲಿ ನಿರ್ದೇಶಕ ರಿಡ್ಲಿ ಸ್ಕಾಟ್ ಮತ್ತೆ ಎಡಿಟ್ ಮಾಡಿದ್ದು ಎರಡನೇ ಸಲಕ್ಕಿರಲಿ. ಊಟ ಮೊದಲೇ ಮುಗಿಸಿ. ಯಾಕೆ ಅಂತ ಆಮೇಲೆ ಗೊತ್ತಾಗುತ್ತದೆ!

ಮೊದಲ ಅರ್ಧ ಗಂಟೆ ನಿಧಾನ, ಓಡಿಸಬೇಡಿ. ಕನಸಿಗೆ ಬೇಕಾದ ಸರಕೆಲ್ಲ ಅಲ್ಲೇ ಇದೆ: ದೂರದ ಪ್ರಯಾಣದುದ್ದಕ್ಕೂ ಸಿಬ್ಬಂದಿ ಮಲಗುವ ನಿದ್ದೆಯ ಪೆಟ್ಟಿಗೆಗಳು, ಹಡಗಿನ ‘ಮದರ್’ ಅನ್ನುವ ಕಂಪ್ಯೂಟರ್, ಬೋನಸ್ಸಿಗಾಗಿ ಗೊಣಗುವ ಇಬ್ಬರು ಕೆಲಸಗಾರರು.

ಸಿನಿಮಾ ಮುಗಿದ ಮೇಲೆ ಹಗಲುಗನಸಿಗೆ ಅದರಲ್ಲಿನ ಒಂದೇ ವಸ್ತು ಆರಿಸಿಕೊಳ್ಳಿ. ನನಗಂತೂ ನಿದ್ದೆಯ ಪೆಟ್ಟಿಗೆ ಇಷ್ಟ. ಸುಮ್ನೆ ‘ಆಹಾ’ ಅನ್ನಬೇಡಿ, ಪ್ರಶ್ನೆ ಕೇಳಿ. ಕರೆಂಟ್ ಎಲ್ಲಿಂದ? ಕೆಟ್ಟರೆ ರಿಪೇರಿ ಯಾರು ಮಾಡ್ತಾರೆ? ನಮ್ಮನ್ನು ಯಾವಾಗ ಎಬ್ಬಿಸಬೇಕು ಅಂತ ತೀರ್ಮಾನಿಸುವುದು ಯಾರು? ಸಿನಿಮಾದಲ್ಲಿ ಅದು ಹಡಗಿನ ಮಾಲೀಕ ಕಂಪನಿಯ ಆದೇಶ, ಅಸಲಿ ಭಯ ಅಲ್ಲೇ ಇದೆ ಅಲ್ವಾ?

ಚಲನೆ ಪತ್ತೆ ಮಾಡುವ ಯಂತ್ರವೂ ಚೆನ್ನಾಗಿದೆ. ಗಾಳಿಯ ಸಾಂದ್ರತೆ ಸ್ವಲ್ಪ ಬದಲಾದರೂ ಅದು ಕೂಗುತ್ತದೆ, ಆದರೆ ಅಲ್ಲಿರುವುದು ಬೆಕ್ಕೋ ಭೂತವೋ ಹೇಳುವುದಿಲ್ಲ. ಅದನ್ನು ಸುಧಾರಿಸುವುದು ಹೇಗೆ ಅಂತ ಒಂದು ಹಾಳೆಯಲ್ಲಿ ಗೀಚಿ.

1986ರ ಎರಡನೇ ಭಾಗ ಬೇರೆ ದಿನಕ್ಕಿರಲಿ. ಅದರಲ್ಲಿ ಯುದ್ಧ ಜಾಸ್ತಿ, ಆದರೆ ಮನುಷ್ಯ ಒಳಗೆ ನಿಂತು ಸರಕು ಎತ್ತುವ ಯಂತ್ರವೊಂದಿದೆ.