ಬೇಕಂತಲೇ ಬಗ್ ಹಾಕಿ ಟೂಲ್ ಆರಿಸಿದೆವು: ಮೊಬೈಲ್ ಟೆಸ್ಟಿಂಗ್‌ನಲ್ಲಿ ನನ್ನ ಅನುಭವ

ಮೊಬೈಲ್ ಆ್ಯಪ್ ಟೆಸ್ಟಿಂಗ್‌ಗೆ ಯಾವ ಓಪನ್ ಸೋರ್ಸ್ ಟೂಲ್ ತಗೊಳ್ಳಬೇಕು ಅಂತ ಕೇಳಿದರೆ ಎಲ್ಲರೂ ಒಂದು ಟೇಬಲ್ ತೋರಿಸುತ್ತಾರೆ. ಎಡಗಡೆ ಟೂಲ್‌ಗಳ ಹೆಸರು: ಅಪ್ಪಿಯಂ, ಮೇಸ್ಟ್ರೋ, ಡಿಟಾಕ್ಸ್, ಎಸ್ಪ್ರೆಸೊ. ಮೇಲ್ಗಡೆ ಆಂಡ್ರಾಯ್ಡ್, ಐಓಎಸ್, ಭಾಷೆ, ವೇಗ. ಮಧ್ಯೆ ಹಸಿರು ಗುರುತು, ಕೆಂಪು ಗುರುತು. ನಮ್ಮ ಟೀಮ್‌ನಲ್ಲೂ ಅಂಥದ್ದೊಂದು ಟೇಬಲ್ ಇತ್ತು. ಅದನ್ನು ಪಕ್ಕಕ್ಕಿಟ್ಟು ನಾನು ಬೇರೆ ದಾರಿ ಹಿಡಿದೆ. ಆ್ಯಪ್‌ಗೆ ಬೇಕಂತಲೇ ಬಗ್ ಹಾಕಿದೆ. ಯಾವ ಟೂಲ್ ಅದನ್ನು ಹಿಡಿಯುತ್ತದೆ, ಹಿಡಿದಾಗ ನಮಗೆ ಏನು ಹೇಳುತ್ತದೆ ಅಂತ ನೋಡಿದೆ.

ಅರ್ಧ ಜನ ಇದು ಟೈಮ್ ವೇಸ್ಟ್ ಅಂದರು. "ಟೂಲ್‌ನ್ನೇ ಟೆಸ್ಟ್ ಮಾಡ್ತಾ ಕೂತರೆ ಆ್ಯಪ್ ಟೆಸ್ಟ್ ಮಾಡೋದು ಯಾವಾಗ?" ಅಂತ ನಮ್ಮ ಲೀಡ್ ಮೀಟಿಂಗ್‌ನಲ್ಲೇ ಕೇಳಿದರು. ಈಗ ವರ್ಷದ ಮೇಲಾಯಿತು. ಪ್ರತಿ ರಿಲೀಸ್‌ಗೆ ಮುಂಚೆ ಮೂರು ಜನ ಎರಡು ಎರಡೂವರೆ ದಿನ ಕೂತು ಮಾಡುತ್ತಿದ್ದ ರಿಗ್ರೆಶನ್ (ಮೊದಲಿದ್ದದ್ದು ಕೆಟ್ಟಿಲ್ಲವಾ ಅಂತ ಮತ್ತೆ ಮಾಡುವ ಟೆಸ್ಟ್) ಈಗ ಒಂದು ರಾತ್ರಿಯಲ್ಲಿ ಓಡಿ ಮುಗಿಯುತ್ತದೆ. ಬೆಳಿಗ್ಗೆ ಒಬ್ಬರು ರಿಪೋರ್ಟ್ ನೋಡಿದರೆ ಸಾಕು. ಆಗ ಬೇಡ ಅಂದವರೇ ಈಗ ಪಕ್ಕದ ಪ್ರಾಜೆಕ್ಟ್‌ಗೆ ಇದನ್ನೇ ಹೇಳಿಕೊಡುತ್ತಿದ್ದಾರೆ.

ನಮ್ಮದು ಡೆಲಿವರಿ ಸಿಬ್ಬಂದಿ ಬಳಸುವ ಆ್ಯಪ್. ಮುಕ್ಕಾಲು ಪಾಲು ರಿಯಾಕ್ಟ್ ನೇಟಿವ್, ಅಂದರೆ ಒಂದೇ ಕೋಡ್‌ನಿಂದ ಆಂಡ್ರಾಯ್ಡ್, ಐಓಎಸ್ ಎರಡಕ್ಕೂ ಆ್ಯಪ್ ಮಾಡುವ ಫ್ರೇಮ್‌ವರ್ಕ್. ಆಂಡ್ರಾಯ್ಡ್‌ನಲ್ಲಿ ಸ್ಕ್ಯಾನ್ ಮತ್ತು ಸಹಿ ತಗೊಳ್ಳುವ ಸ್ಕ್ರೀನ್‌ಗಳು ಆಂಡ್ರಾಯ್ಡ್‌ನದೇ ಸ್ಕ್ರೀನ್ ಕಟ್ಟುವ ಟೂಲ್‌ಕಿಟ್ ಆದ ಜೆಟ್‌ಪ್ಯಾಕ್ ಕಂಪೋಸ್‌ನಲ್ಲಿವೆ. ಪೇಮೆಂಟ್ ಪೇಜ್ ವೆಬ್‌ವ್ಯೂ, ಅಂದರೆ ಆ್ಯಪ್ ಒಳಗೇ ತೆರೆಯುವ ವೆಬ್ ಪೇಜ್. ಹೊಸ ಟೂಲ್ ಬಂದರೆ ಎಲ್ಲರೂ ಮೊದಲು ಲಾಗಿನ್ ಸ್ಕ್ರೀನ್ ಮೇಲೆ ಟ್ರೈ ಮಾಡುತ್ತಾರೆ. ಲಾಗಿನ್ ಯಾವ ಟೂಲ್‌ನಲ್ಲಾದರೂ ಆಗುತ್ತದೆ, ಅಲ್ವಾ? ಅದರಿಂದ ಏನೂ ಗೊತ್ತಾಗುವುದಿಲ್ಲ. ನಾನು ತಗೊಂಡದ್ದು ಜಾಸ್ತಿ ಕಾಟ ಕೊಡುವ ಮೂರು ಸ್ಕ್ರೀನ್: ಮಾರ್ಕರ್ ಸದಾ ಓಡಾಡುತ್ತಲೇ ಇರುವ ಮ್ಯಾಪ್, ಉದ್ದದ ಆರ್ಡರ್ ಲಿಸ್ಟ್, ಮತ್ತು ಆ ಪೇಮೆಂಟ್ ಪೇಜ್.

ಓಪನ್ ಸೋರ್ಸ್ ಅಂದಮೇಲೆ ಮೊದಲು ನೋಡಬೇಕಾದ್ದು ಟೂಲ್ ಇನ್ನೂ ಉಸಿರಾಡುತ್ತಿದೆಯಾ ಅನ್ನೋದು. ಒಂದು ಕಾಲದಲ್ಲಿ ಕ್ಯಾಲಬಾಶ್, ರೋಬೋಟಿಯಂ, ಸೆಲೆಂಡ್ರಾಯ್ಡ್ ಎಲ್ಲ ಜೋರಾಗಿದ್ದವು. ಇವತ್ತು ಹೊಸ ಪ್ರಾಜೆಕ್ಟ್‌ಗೆ ಯಾರೂ ಅವನ್ನು ತಗೊಳ್ಳುವುದಿಲ್ಲ. ಅಪ್ಪಿಯಂ 2012ರಿಂದ ಓಪನ್ ಸೋರ್ಸ್ ಆಗಿದೆ, ಈಗ ಓಪನ್‌ಜೆಎಸ್ ಫೌಂಡೇಶನ್ ಅಡಿಯಲ್ಲಿದೆ. ಮೇಸ್ಟ್ರೋ 2022ರಲ್ಲಿ ಬಂದದ್ದು. ಇವೆರಡರದ್ದೂ ಅಪಾಚೆ ಲೈಸೆನ್ಸ್. ವಿಕ್ಸ್‌ನವರ ಡಿಟಾಕ್ಸ್‌ನದ್ದು ಎಂಐಟಿ. ಎರಡೂ ಕಂಪನಿ ಕೆಲಸಕ್ಕೆ ಮುಕ್ತವಾಗಿ ಬಳಸಬಹುದಾದ ಲೈಸೆನ್ಸ್‌ಗಳೇ. ಲೈಸೆನ್ಸ್ ವಿಷಯ ಇಷ್ಟಕ್ಕೇ ಮುಗಿಯಿತು. ಬಿಡುಗಡೆಗಳು ನಿಯಮಿತವಾಗಿ ಬರುತ್ತಿವೆಯಾ, ಹೊಸ ಓಎಸ್ ಬಂದಾಗ ಎಷ್ಟು ಬೇಗ ಸರಿಹೊಂದಿಸುತ್ತಾರೆ ಅಂತ ಒಂದು ಮಧ್ಯಾಹ್ನ ಕೂತು ನೋಡಿದೆ.

ಆಮೇಲೆ ಕೋಡ್‌ನ ಬೇರೆ ಬ್ರಾಂಚ್ (ಪ್ರತ್ಯೇಕ ಪ್ರತಿ) ಮಾಡಿ ಬಗ್ ಹಾಕೋಕೆ ಶುರು ಮಾಡಿದೆ. ಸುಮಾರು ಇಪ್ಪತ್ತೈದು ಇದ್ದವು. ಎಲ್ಲವೂ ನಮ್ಮ ಬಳಕೆದಾರರಿಂದ ನಿಜವಾಗಿ ದೂರು ಬಂದಿದ್ದ ರೀತಿಯವೇ. ಕೀಬೋರ್ಡ್ ಬಂದಾಗ ಬಟನ್ ಮುಚ್ಚಿಹೋಗುವುದು. ಮೊದಲ ಟ್ಯಾಪ್ ಬೀಳದೆ ಎರಡನೆಯದು ಮಾತ್ರ ಬೀಳುವುದು. ಸರ್ವರ್ ಎಂಟು ಹತ್ತು ಸೆಕೆಂಡ್ ತಡವಾಗಿ ಉತ್ತರ ಕೊಡುವುದು. ಲೊಕೇಶನ್ ಪರ್ಮಿಶನ್ ಬೇಡ ಅಂದಾಗ ಖಾಲಿ ಸ್ಕ್ರೀನ್. ಪೂರ್ತಿ ಪಟ್ಟಿ ಇಲ್ಲಿ ಕೊಡುವುದಿಲ್ಲ. ಹೊಸದಾಗಿ ಸೇರುವ ಟೆಸ್ಟರ್‌ಗಳಿಗೂ ಅದೇ ಬ್ರಾಂಚ್ ಕೊಟ್ಟು ನೋಡುತ್ತೇವೆ, ಆದ್ದರಿಂದ ಅದು ಒಳಗೇ ಇರಲಿ.

ಮೂರು ವಿಷಯ ಬರೆದುಕೊಳ್ಳುತ್ತಿದ್ದೆ. ಹಾಕಿದ ಬಗ್ ಸಿಕ್ಕಿತಾ? ಫೇಲ್ ಆದಾಗ ರಿಪೋರ್ಟ್ ನೋಡಿ ಕಾರಣ ಹೇಳೋಕೆ ಒಬ್ಬ ಮ್ಯಾನ್ಯುಯಲ್ ಟೆಸ್ಟರ್‌ಗೆ (ಕೋಡ್ ಬರೆಯದೆ ಕೈಯಲ್ಲೇ ಟೆಸ್ಟ್ ಮಾಡುವವರಿಗೆ) ಎಷ್ಟು ಹೊತ್ತು ಬೇಕಾಯಿತು? ಬಗ್ ಇಲ್ಲದ ಬಿಲ್ಡ್ ಮೇಲೆ ರಾತ್ರಿಯಿಡೀ ನೂರರಷ್ಟು ಸಲ ಓಡಿಸಿದರೆ ಎಷ್ಟು ಸಲ ಸುಮ್ನೆ ಕೆಂಪಾಯಿತು, ಅಂದರೆ ಬಗ್ ಇಲ್ಲದೆಯೇ ಫೇಲ್ ಆಯಿತು? ಎರಡನೆಯದನ್ನು ಯಾರೂ ಅಳೆಯುವುದಿಲ್ಲ. ನಮ್ಮ ಹಣ ಹೋಗುತ್ತಿದ್ದದ್ದು ಅಲ್ಲೇ.

ಅಪ್ಪಿಯಂನಿಂದ ಶುರು ಮಾಡಿದೆ. ಫೋನನ್ನು ನಡೆಸೋಕೆ ಆಂಡ್ರಾಯ್ಡ್‌ಗೆ ಯುಐಆಟೊಮೇಟರ್2 ಡ್ರೈವರ್, ಐಓಎಸ್‌ಗೆ ಎಕ್ಸ್‌ಸಿಯುಐಟೆಸ್ಟ್ ಡ್ರೈವರ್. ಮ್ಯಾಪ್ ಸ್ಕ್ರೀನ್ ಬಂದ ಕೂಡಲೇ ನಿಂತೇಹೋಯಿತು. ಒಂದು ಬಟನ್ ಹುಡುಕೋಕೆ ಹತ್ತು ಸೆಕೆಂಡ್, ಇನ್ನೊಂದಕ್ಕೆ ಮತ್ತೆ ಹತ್ತು. ಕಾರಣ ಇಷ್ಟೇ. ಸ್ಕ್ರೀನ್ ಅಲುಗಾಡುವುದು ನಿಲ್ಲಲಿ ಅಂತ ಯುಐಆಟೊಮೇಟರ್ ಕಾಯುತ್ತದೆ, ಡೀಫಾಲ್ಟ್ ಆಗಿ 10,000 ಮಿಲಿಸೆಕೆಂಡ್. ನಮ್ಮ ಮಾರ್ಕರ್ ಯಾವತ್ತೂ ನಿಲ್ಲುವುದಿಲ್ಲ. ವೇಟ್‌ಫಾರ್‌ಐಡಲ್‌ಟೈಮ್‌ಔಟ್ ಸೆಟ್ಟಿಂಗ್ ನೂರಕ್ಕೆ ಇಳಿಸಿದ ಮೇಲೆ ಆರೇಳು ನಿಮಿಷದ ಟೆಸ್ಟ್ ಒಂದೂವರೆ ನಿಮಿಷಕ್ಕೆ ಬಂತು. "ಅಪ್ಪಿಯಂ ನಿಧಾನ" ಅಂತ ಅಷ್ಟು ಹೊತ್ತಿಗೆ ತೀರ್ಪು ಕೊಟ್ಟಿದ್ದ ಇಬ್ಬರು ಸುಮ್ಮನಾದರು.

ಐಓಎಸ್‌ನಲ್ಲಿ ಆರ್ಡರ್ ಲಿಸ್ಟ್ ಸತಾಯಿಸಿತು. ಕಣ್ಣೆದುರಿಗೆ ಕಾಣುವ ಬಟನ್ ಇನ್‌ಸ್ಪೆಕ್ಟರ್‌ನಲ್ಲಿ (ಸ್ಕ್ರೀನ್ ಟೂಲ್‌ಗೆ ಹೇಗೆ ಕಾಣುತ್ತದೆ ಅಂತ ತೋರಿಸುವ ಕಿಟಕಿ) ಇಲ್ಲವೇ ಇಲ್ಲ. ಇದಕ್ಕೆ ಎರಡು ಕಾರಣ ಸಿಕ್ಕವು. ರಿಯಾಕ್ಟ್ ನೇಟಿವ್‌ನಲ್ಲಿ ಹೊರಗಿನ ವ್ಯೂಗೆ (ಸ್ಕ್ರೀನ್‌ನ ಒಂದು ಚೌಕಟ್ಟಿಗೆ) ಆ್ಯಕ್ಸೆಸಿಬಲ್ ಟ್ರೂ ಅಂತ ಹಾಕಿಬಿಟ್ಟರೆ ಒಳಗಿರುವುದೆಲ್ಲ ಐಓಎಸ್‌ಗೆ ಒಂದೇ ಎಲಿಮೆಂಟ್ ಆಗಿ ಕಾಣುತ್ತದೆ. ಇನ್ನೊಂದು, ವ್ಯೂ ಒಳಗೆ ವ್ಯೂ ಅಂತ ಆಳ ಜಾಸ್ತಿಯಾದರೆ ಸ್ನ್ಯಾಪ್‌ಶಾಟ್‌ಮ್ಯಾಕ್ಸ್‌ಡೆಪ್ತ್ ಮಿತಿ ಅಡ್ಡ ಬರುತ್ತದೆ. ಅದು ಡೀಫಾಲ್ಟ್ ಆಗಿ 50. ಮೊದಲನೆಯದನ್ನು ಡೆವಲಪರ್ ಕೈಯಲ್ಲಿ ಸರಿ ಮಾಡಿಸಿದೆ, ಎರಡನೆಯದನ್ನು ಏರಿಸಿದೆ. ಎಲಿಮೆಂಟ್ ಎಲ್ಲಿದೆ ಅಂತ ದಾರಿ ಹಿಡಿದು ಹುಡುಕುವ ಎಕ್ಸ್‌ಪಾತ್ ಪೂರ್ತಿ ನಿಲ್ಲಿಸಿದೆ. ಅದೇ ಉದ್ದದ ಲಿಸ್ಟ್‌ನಲ್ಲಿ ಎಕ್ಸ್‌ಪಾತ್‌ಗೆ ಅರ್ಧ ನಿಮಿಷದ ಹತ್ತಿರ ಬೇಕಾಗುತ್ತಿತ್ತು. ಟೆಸ್ಟ್‌ಐಡಿ (ಟೆಸ್ಟ್‌ಗಾಗಿ ಕೊಡುವ ಹೆಸರು) ಹಾಕಿಸಿ ಆ್ಯಕ್ಸೆಸಿಬಿಲಿಟಿ ಐಡಿಯಿಂದ ಹುಡುಕಿದರೆ ಒಂದೆರಡು ಸೆಕೆಂಡ್. ಕಂಪೋಸ್ ಸ್ಕ್ರೀನ್‌ಗಳಲ್ಲಿ ಅಂಥದ್ದೇ ಹೆಸರಾದ ಟೆಸ್ಟ್‌ಟ್ಯಾಗ್ ಹಾಕಿದರಷ್ಟೇ ಸಾಲದು. ಟೆಸ್ಟ್‌ಟ್ಯಾಗ್ಸ್‌ಆ್ಯಸ್‌ರಿಸೋರ್ಸ್‌ಐಡಿ ಆನ್ ಮಾಡದಿದ್ದರೆ ಹೊರಗಿನಿಂದ ಹುಡುಕುವ ಟೂಲ್‌ಗೆ ಅದು ರಿಸೋರ್ಸ್ ಐಡಿಯಾಗಿ ಸಿಗುವುದಿಲ್ಲ.

ಬಗ್ ಹಿಡಿಯುವುದರಲ್ಲಿ ಅಪ್ಪಿಯಂ ಚೆನ್ನಾಗಿತ್ತು. ಆದರೆ ಹೇಳುವುದರಲ್ಲಿ ಬಹಳ ಹಿಂದೆ. ಎಲಿಮೆಂಟ್ ಸಿಗಲಿಲ್ಲ ಅಂತ ಒಂದು ಸಾಲು, ಅದರ ಕೆಳಗೆ ಉದ್ದದ ಸ್ಟ್ಯಾಕ್ ಟ್ರೇಸ್ (ಕೋಡ್ ಎಲ್ಲೆಲ್ಲಿ ಹಾದು ಬಂತು ಅನ್ನೋ ಪಟ್ಟಿ). ನಮ್ಮ ಟೆಸ್ಟರ್ ಕಾರಣ ಹುಡುಕೋಕೆ ಇಪ್ಪತ್ತು ನಿಮಿಷ ತಗೊಂಡರು. ಫೇಲ್ ಆದ ಕ್ಷಣದ ಸ್ಕ್ರೀನ್‌ಶಾಟ್, ಪೇಜ್ ಸೋರ್ಸ್ (ಸ್ಕ್ರೀನ್‌ನ ಒಳರಚನೆ), ಆಂಡ್ರಾಯ್ಡ್‌ನ ಲಾಗ್ ಆದ ಲಾಗ್‌ಕ್ಯಾಟ್‌ನ ಕೊನೆಯ ಇನ್ನೂರು ಸಾಲು, ಇವಿಷ್ಟನ್ನು ಒಂದೇ ಫೋಲ್ಡರ್‌ಗೆ ಹಾಕುವ ಪುಟ್ಟ ಕೋಡ್ ಬರೆದೆ. ಅದರಿಂದ ಇಪ್ಪತ್ತು ನಿಮಿಷ ನಾಲ್ಕೈದಕ್ಕೆ ಇಳಿಯಿತು. ಈ ಇಡೀ ಕೆಲಸದಲ್ಲಿ ನನಗೆ ಜಾಸ್ತಿ ಹೆಮ್ಮೆ ತಂದದ್ದು ಆ ಎಪ್ಪತ್ತು ಎಂಬತ್ತು ಸಾಲಿನ ಕೋಡ್.

ಡಿಟಾಕ್ಸ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ರಿಯಾಕ್ಟ್ ನೇಟಿವ್‌ಗಾಗಿಯೇ ಮಾಡಿದ್ದು, ಲಿಸ್ಟ್ ಸ್ಕ್ರೀನ್‌ನಲ್ಲಿ ಅದರಷ್ಟು ಸ್ಥಿರವಾಗಿ ಬೇರೆ ಯಾವುದೂ ಓಡಲಿಲ್ಲ. ಆದರೆ ನಿಜವಾದ ಐಫೋನ್ ಮೇಲೆ ಓಡುವುದಿಲ್ಲ, ಮ್ಯಾಕ್‌ನಲ್ಲಿ ತೆರೆಯುವ ಅಣಕು ಫೋನ್ ಆದ ಸಿಮ್ಯುಲೇಟರ್ ಮೇಲೆ ಮಾತ್ರ. ನಮಗೆ ಕ್ಯಾಮೆರಾ ಸ್ಕ್ಯಾನ್ ಮುಖ್ಯ. ಮನಸ್ಸಿಲ್ಲದೆ ಬಿಟ್ಟೆ.

ಮೇಸ್ಟ್ರೋ ಎಲ್ಲರಿಗೂ ಇಷ್ಟವಾಯಿತು. ಯಾಮಲ್ ಅನ್ನೋ ಸರಳ ಟೆಕ್ಸ್ಟ್ ಫೈಲ್‌ನಲ್ಲಿ ಟ್ಯಾಪ್‌ಆನ್ (ಒತ್ತು), ಅಸರ್ಟ್‌ವಿಸಿಬಲ್ (ಕಾಣುತ್ತಿದೆಯಾ ನೋಡು) ಅಂತ ಬರೆದರೆ ಆಯಿತು. ಕೋಡ್ ಬರೆದೇ ಇಲ್ಲದ ನಮ್ಮ ಟೆಸ್ಟರ್ ಅರ್ಧ ಗಂಟೆಯಲ್ಲಿ ಪೂರ್ತಿ ಡೆಲಿವರಿ ಫ್ಲೋ ಬರೆದುಬಿಟ್ಟರು. ಫೇಲ್ ಆದರೆ ಯಾವ ಸಾಲಿನಲ್ಲಿ ನಿಂತಿತು ಅಂತ ಸ್ಕ್ರೀನ್‌ಶಾಟ್ ಜೊತೆಗೆ ತೋರಿಸುತ್ತದೆ. ಕಾರಣ ಹೇಳೋಕೆ ಎರಡು ನಿಮಿಷ ಸಾಕಾಯಿತು. ಸುಮ್ನೆ ಕೆಂಪಾಗುವುದೂ ಕಡಿಮೆ, ನೂರಕ್ಕೆ ಎರಡೋ ಮೂರೋ.

ಇಲ್ಲೇ ನಿಲ್ಲಿಸಿದ್ದರೆ ಮೇಸ್ಟ್ರೋ ಒಂದನ್ನೇ ತಗೊಂಡು ಮನೆಗೆ ಹೋಗುತ್ತಿದ್ದೆವು. ಹಾಕಿದ ಬಗ್‌ಗಳು ಬೇರೆ ಕಥೆ ಹೇಳಿದವು. ಮೊದಲ ಟ್ಯಾಪ್ ಬೀಳದ ಬಗ್ ಇತ್ತಲ್ಲ, ಅದು ಆರಾಮಾಗಿ ಪಾಸ್ ಆಯಿತು! ರಿಟ್ರೈಟ್ಯಾಪ್‌ಇಫ್‌ನೋಚೇಂಜ್ ಅನ್ನೋ ಆಯ್ಕೆ ಆನ್ ಇದ್ದರೆ, ಸ್ಕ್ರೀನ್ ಬದಲಾಗದಿದ್ದಾಗ ಟೂಲ್ ತಾನೇ ಇನ್ನೊಮ್ಮೆ ಟ್ಯಾಪ್ ಮಾಡುತ್ತದೆ. ಬಳಕೆದಾರರು ಬೈದುಕೊಂಡು ಎರಡು ಸಲ ಒತ್ತುತ್ತಿದ್ದ ಬಟನ್ ಟೆಸ್ಟ್‌ನಲ್ಲಿ ಹಸಿರು. ನಿಧಾನದ ಸರ್ವರ್ ಕೂಡ ಹಾಗೇ. ಎಲಿಮೆಂಟ್ ಬರುವ ತನಕ ಟೂಲ್ ತಾಳ್ಮೆಯಿಂದ ಕಾದು ಮುಂದೆ ಹೋಯಿತು. ತಾಳ್ಮೆ ಇರುವ ಟೂಲ್ ಕಡಿಮೆ ಕೆಂಪಾಗುತ್ತದೆ, ಹೌದು. ಅದೇ ತಾಳ್ಮೆ ಬಗ್ ಮುಚ್ಚಿಡುತ್ತದೆ. ಸಾವಿರ ಟೇಬಲ್ ನೋಡಿದರೂ ಇದು ಗೊತ್ತಾಗುತ್ತಿರಲಿಲ್ಲ. ಈಗ ಮುಖ್ಯ ಬಟನ್‌ಗಳಿಗೆಲ್ಲ ಆ ಆಯ್ಕೆಯನ್ನು ಫಾಲ್ಸ್ ಅಂತಲೇ ಬರೆಯುತ್ತೇವೆ. ಕಾಯುವ ಕಡೆ ಎಕ್ಸ್‌ಟೆಂಡೆಡ್‌ವೇಟ್‌ಅಂಟಿಲ್ ಬಳಸಿ ನಮ್ಮದೇ ಟೈಮ್‌ಔಟ್ ಕೊಡುತ್ತೇವೆ.

ಇನ್ನು ಹಣದ ವಿಷಯ. ಟೂಲ್ ಫ್ರೀ, ಉಳಿದದ್ದು ಯಾವುದೂ ಫ್ರೀ ಅಲ್ಲ. ಮೊದಲು ಒಂದು ಕ್ಲೌಡ್ ಡಿವೈಸ್ ಸೇವೆ (ದೂರದಲ್ಲಿರುವ ಫೋನ್‌ಗಳನ್ನು ಇಂಟರ್ನೆಟ್ ಮೂಲಕ ಬಳಸುವುದು) ಬಾಡಿಗೆಗೆ ತಗೊಂಡೆವು. ರಾತ್ರಿ ನೂರು ಸಲ ಓಡಿಸುವ ನಮ್ಮ ಪದ್ಧತಿಗೆ ತಿಂಗಳ ನಿಮಿಷಗಳೆಲ್ಲ ಒಂದು ವಾರದೊಳಗೆ ಖಾಲಿ. ಲೆಕ್ಕ ಹಾಕಿದರೆ ವರ್ಷದ ಬಾಡಿಗೆಯಲ್ಲಿ ಹತ್ತು ಹನ್ನೆರಡು ಮಧ್ಯಮ ದರ್ಜೆಯ ಫೋನ್ ಬರುತ್ತಿತ್ತು. ಬಾಡಿಗೆ ನಿಲ್ಲಿಸಿ ಆರೇಳು ಫೋನ್, ಒಂದು ಹಳೆ ಮ್ಯಾಕ್ ಮಿನಿ, ಪವರ್ ಇರುವ ಯುಎಸ್‌ಬಿ ಹಬ್ ತಗೊಂಡೆವು. ಆಪಲ್ ಡೆವಲಪರ್ ಖಾತೆಗೆ ವರ್ಷಕ್ಕೆ 99 ಡಾಲರ್ ಕೊಡಲೇಬೇಕು. ಅಪ್ಪಿಯಂ ಐಫೋನ್ ನಡೆಸೋಕೆ ಅದರೊಳಗೆ ಹಾಕುವ ವೆಬ್‌ಡ್ರೈವರ್‌ಏಜೆಂಟ್ ಆ್ಯಪ್ ಅನ್ನು ಉಚಿತ ಖಾತೆಯಲ್ಲಿ ಸೈನ್ ಮಾಡಿದರೆ 7 ದಿನಕ್ಕೆ ಪ್ರೊಫೈಲ್ (ಓಡಿಸುವ ಅನುಮತಿ) ಮುಗಿಯುತ್ತದೆ, ಪ್ರತಿ ವಾರ ಅದೇ ಗೋಳು. ಇದಕ್ಕಿಂತ ದೊಡ್ಡ ಖರ್ಚು ಕಾಣದೇ ಹೋಗುವಂಥದ್ದು. ಸುಮ್ನೆ ಕೆಂಪಾದ ಒಂದೊಂದು ಟೆಸ್ಟ್‌ಗೂ ಒಬ್ಬ ಟೆಸ್ಟರ್, ಒಬ್ಬ ಡೆವಲಪರ್ ಅರ್ಧ ಗಂಟೆ ಕಳೆಯುತ್ತಾರೆ. ಹಳೆ ಲೆಕ್ಕ ತೆಗೆದು ನೋಡಿದಾಗ ತಿಂಗಳಿಗೆ ಹೆಚ್ಚುಕಮ್ಮಿ ಒಬ್ಬರ ಅರ್ಧ ಸಂಬಳ ಅಲ್ಲೇ ಸೋರಿಹೋಗುತ್ತಿತ್ತು. ಈ ಲೆಕ್ಕ ತೋರಿಸಿದ ದಿನ ಫೋನ್‌ಗಳಿಗೆ ಒಪ್ಪಿಗೆ ಸಿಕ್ಕಿತು.

ಸದಾ ಚಾರ್ಜ್‌ನಲ್ಲೇ ಇರುವ ಫೋನ್‌ಗಳ ಬ್ಯಾಟರಿ ಉಬ್ಬಬಹುದು. ನಮ್ಮಲ್ಲಿ ಎರಡು ಉಬ್ಬಿದವು. ಯುಹಬ್‌ಸಿಟಿಎಲ್ ಅನ್ನೋ ಪುಟ್ಟ ಓಪನ್ ಸೋರ್ಸ್ ಟೂಲ್ ಇದೆ, ಪೋರ್ಟ್ ಪೋರ್ಟ್‌ಗೆ ಕರೆಂಟ್ ಆನ್ ಆಫ್ ಮಾಡುತ್ತದೆ. ಎಲ್ಲ ಹಬ್‌ಗಳೂ ಇದಕ್ಕೆ ಒಗ್ಗುವುದಿಲ್ಲ, ತಗೊಳ್ಳುವ ಮುಂಚೆ ನೋಡಿಕೊಳ್ಳಿ. ಹಗಲು ಚಾರ್ಜ್ ಕಟ್, ರಾತ್ರಿ ಆನ್. ಆಮೇಲೆ ಒಂದೂ ಉಬ್ಬಿಲ್ಲ. ಸ್ಕ್ರೀನ್‌ಶಾಟ್ ಹೋಲಿಸಿ ಬಗ್ ಹಿಡಿಯುವ ಪ್ರಯೋಗವನ್ನೂ ಒಂದಷ್ಟು ದಿನ ಮಾಡಿದೆ. ಮೇಲಿನ ಗಡಿಯಾರ ಬದಲಾದರೂ ಫೇಲ್. ಆಂಡ್ರಾಯ್ಡ್‌ನ ಡೆಮೊ ಮೋಡ್, ಸಿಮ್ಯುಲೇಟರ್‌ನ ಸ್ಟೇಟಸ್ ಬಾರ್ ಓವರ್‌ರೈಡ್ ಹಾಕಿ ಗಡಿಯಾರ ನಿಲ್ಲಿಸಿದೆ. ಆಗಲೂ ಮ್ಯಾಪ್ ಸ್ಕ್ರೀನ್ ಬಗ್ಗಲಿಲ್ಲ. ಸಹಿಯ ಸ್ಕ್ರೀನ್‌ಗೆ ಮಾತ್ರ ಅದನ್ನು ಉಳಿಸಿಕೊಂಡೆವು.

ವೆಬ್‌ವ್ಯೂ ಕಡೆಯಿಂದ ಒಂದು ಪೆಟ್ಟು ಹೇಳಲೇಬೇಕು. ಅಪ್ಪಿಯಂನಲ್ಲಿ ವೆಬ್ ಕಾಂಟೆಕ್ಸ್ಟ್‌ಗೆ (ವೆಬ್ ಪೇಜ್ ಒಳಗೆ) ಹೋಗಬೇಕಾದರೆ ಆ ಪೇಜ್ ನಡೆಸುವ ಕ್ರೋಮ್‌ಡ್ರೈವರ್‌ನ ಆವೃತ್ತಿ ಫೋನ್‌ನಲ್ಲಿರುವ ವೆಬ್‌ವ್ಯೂಗೆ ಹೊಂದಬೇಕು. ಫೋನ್ ರಾತ್ರೋರಾತ್ರಿ ತಾನೇ ಅಪ್‌ಡೇಟ್ ಆದರೆ ಬೆಳಿಗ್ಗೆ ಪೇಮೆಂಟ್ ಟೆಸ್ಟ್ ಎಲ್ಲ ಕೆಂಪು. ಆಟೋ ಅಪ್‌ಡೇಟ್ ನಿಲ್ಲಿಸಿ, ವಾರಕ್ಕೊಮ್ಮೆ ನಾವೇ ಎರಡನ್ನೂ ಒಟ್ಟಿಗೆ ಅಪ್‌ಡೇಟ್ ಮಾಡುತ್ತೇವೆ.

ಕೊನೆಗೆ ಉಳಿದದ್ದು ಹೀಗೆ. ದಿನನಿತ್ಯದ ಮೂವತ್ತು ಚಿಲ್ಲರೆ ಫ್ಲೋಗಳು ಮೇಸ್ಟ್ರೋದಲ್ಲಿವೆ. ಅವನ್ನು ಬರೆಯುವವರೂ ಸರಿ ಮಾಡುವವರೂ ಮ್ಯಾನ್ಯುಯಲ್ ಟೆಸ್ಟರ್‌ಗಳೇ. ನಿಜವಾದ ಐಫೋನ್, ಪೇಮೆಂಟ್, ಪುಶ್ ನೋಟಿಫಿಕೇಶನ್, ಬೇರೆ ಆ್ಯಪ್‌ಗೆ ಹೋಗಿ ಬರುವ ಕಡೆ ಅಪ್ಪಿಯಂ. ಕಂಪೋಸ್‌ನ ಎರಡು ಸ್ಕ್ರೀನ್‌ಗೆ ಡೆವಲಪರ್‌ಗಳು ಆಂಡ್ರಾಯ್ಡ್‌ಗೆ ಮಾತ್ರ ಇರುವ ಎಸ್ಪ್ರೆಸೊ ಮತ್ತು ಕಂಪೋಸ್ ಟೆಸ್ಟ್ ಬರೆಯುತ್ತಾರೆ. ಮೂರು ಟೂಲ್ ಅಂದರೆ ಮೂರು ಪಟ್ಟು ಕೆಲಸ ಅಂತ ಹೆದರಿಸಿದವರಿದ್ದರು. ಎಲ್ಲ ಟೂಲ್‌ಗೂ ಟೆಸ್ಟ್‌ಐಡಿ ಹೆಸರು ಒಂದೇ, ಟೆಸ್ಟ್ ಡೇಟಾ ತಯಾರಿಸುವ ಎಪಿಐ ಒಂದೇ. ಆದ್ದರಿಂದ ಸ್ಕ್ರೀನ್ ಬದಲಾದಾಗ ಸರಿ ಮಾಡುವ ಜಾಗವೂ ಒಂದೇ. ಓಟಿಪಿಯನ್ನು ಹೇಗೆ ದಾಟುತ್ತೇವೆ ಅಂತ ಬಹಳ ಜನ ಕೇಳಿದ್ದಾರೆ. ಅದು ಭದ್ರತೆಯ ವಿಷಯ, ಹೇಳುವುದಿಲ್ಲ. ಟೆಸ್ಟ್ ಬಿಲ್ಡ್‌ನಲ್ಲಿ ಫಿಕ್ಸೆಡ್ ನಂಬರ್ ಇಟ್ಟಿಲ್ಲ ಅಂತ ಮಾತ್ರ ಹೇಳಬಲ್ಲೆ.

ಬಗ್ ಹಾಕಿದ ಆ ಬ್ರಾಂಚ್ ಈಗಲೂ ಇದೆ. ಟೂಲ್‌ನ ದೊಡ್ಡ ಆವೃತ್ತಿ ಬಂದಾಗ ಮೊದಲು ಓಡಿಸುವುದು ಅದರ ಮೇಲೆ. ಅಪ್ಪಿಯಂ 2ರಲ್ಲಿ ಡ್ರೈವರ್‌ಗಳನ್ನು ಬೇರೆಯಾಗಿ ಇನ್‌ಸ್ಟಾಲ್ ಮಾಡಬೇಕಾಗಿ ಬಂತು, ಸರ್ವರ್ ವಿಳಾಸದಲ್ಲಿದ್ದ ಹಳೆ ಬೇಸ್ ಪಾತ್ (ವಿಳಾಸದ ಕೊನೆಯ ಭಾಗ) ಡೀಫಾಲ್ಟ್ ಆಗಿ ಇರುವುದು ನಿಂತಿತು ಅಂತ ನಿಮಗೆಲ್ಲ ನೆನಪಿರಬೇಕು. ಪಕ್ಕದ ಪ್ರಾಜೆಕ್ಟ್‌ನ ಹಳೆ ಟೆಸ್ಟ್‌ಗಳನ್ನು ಹೊಸ ಆವೃತ್ತಿಗೆ ತರುವಾಗಲೂ ಇದನ್ನೇ ಮಾಡಿಸಿದೆ. ಅಲ್ಲಿ ಹತ್ತು ಹದಿನೈದು ಬಗ್ ಹಾಕಿದ್ದರು, ಒಂದು ಮಧ್ಯಾಹ್ನ ಸಾಕಾಯಿತು. ಹಾಕಿದ್ದರಲ್ಲಿ ಎರಡು ಬಗ್‌ಗಳನ್ನು ಅವರ ಟೆಸ್ಟ್‌ಗಳು ಹಳೆ ಆವೃತ್ತಿಯಲ್ಲೂ ಹಿಡಿಯುತ್ತಿರಲಿಲ್ಲ ಅನ್ನೋದು ಅವತ್ತೇ ಗೊತ್ತಾಯಿತು.