ಅಂಬಾವಿಲಾಸದ ಡಾಸಿಯರ್: ಮೂರನೇ ಕರಡು ದಡ ಸೇರಿದ್ದು ಹೀಗೆ

ಮೈಸೂರು ಅರಮನೆಗೆ, ಅಂದರೆ ಅಂಬಾವಿಲಾಸಕ್ಕೆ, ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೆ ಸೇರುವ ಯೋಗ್ಯತೆ ಇದೆ ಅಂತ ವಾದಿಸುವ ಡಾಸಿಯರ್‌ನ (ನಾಮನಿರ್ದೇಶನದ ಕಡತದ) ಕರಡನ್ನು ನಮ್ಮ ನಾಲ್ಕು ಜನರ ತಂಡ ಮೂರು ಸಲ ಬರೆಯಿತು. ಎರಡು ಸಲ ಹೊರಗಿನ ಪರಿಶೀಲಕರು ಮೈತುಂಬ ಕೆಂಪು ಗೆರೆ ಎಳೆದು ವಾಪಸ್ ಕಳಿಸಿದರು. ಮೂರನೆಯದರಲ್ಲಿ ತುಲನಾತ್ಮಕ ವಿಶ್ಲೇಷಣೆಯ, ಅಂದರೆ ಇಂಥವೇ ಬೇರೆ ತಾಣಗಳ ಜೊತೆ ಹೋಲಿಸುವ ಅಧ್ಯಾಯ ಒಂದು ಗೆರೆಯೂ ಬೀಳದೆ ಬಂತು. ಸ್ಕಾಟ್ಲೆಂಡಿನ ಗ್ಲಾಸ್ಗೋದಿಂದ ಕಬ್ಬಿಣದ ಕಂಬ ತರಿಸಿ 1912ರಲ್ಲಿ ಮುಗಿಸಿದ ಕಟ್ಟಡಕ್ಕೆ ಎಂಥಾ ಪರಂಪರೆ ಅಂತ ಕೇಳಿದ್ದವರೇ ಈಗ ನಮ್ಮ ನಕ್ಷೆಗಳನ್ನು ಕಳಿಸಿ ಅಂತಿದ್ದಾರೆ.

ಮೊದಲ ಕರಡಿನಲ್ಲಿ ಪಟ್ಟಿಯ ಮಾನದಂಡಗಳ ಪೈಕಿ ನಾಲ್ಕನೆಯದನ್ನೇ, ಅಂದರೆ ಕಟ್ಟಡ ತನ್ನ ಬಗೆಯಲ್ಲಿ ಅಪೂರ್ವ ಮಾದರಿಯಾಗಿರಬೇಕು ಅನ್ನುವುದನ್ನೇ, ನಂಬಿದ್ದೆವು. 1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆಯ ಸಮಯದಲ್ಲಿ ಮರದ ಅರಮನೆ ಸುಟ್ಟಿದ್ದು, ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ವಾಸ್ತುಶಿಲ್ಪಿ ಹೆನ್ರಿ ಇರ್ವಿನ್ ಕೈಲಿ ಹೊಸದನ್ನು ಕಟ್ಟಿಸಿದ್ದು, 41 ಲಕ್ಷ ರೂಪಾಯಿ ದಾಟಿದ ಖರ್ಚು, ಎಲ್ಲ ಸೇರಿ ಅರವತ್ತು ಪುಟ. ಪರಿಶೀಲಕರು ಕೇಳಿದ್ದು ಇಷ್ಟೇ. ಬರೋಡದ ಲಕ್ಷ್ಮೀವಿಲಾಸ 1890ರದ್ದು. ಮುಂಬೈನ ಛತ್ರಪತಿ ಶಿವಾಜಿ ಟರ್ಮಿನಸ್ 2004ರಲ್ಲೇ ಪಟ್ಟಿ ಸೇರಿದೆ, ಜೈಪುರ 2019ರಲ್ಲಿ. ಅವುಗಳಲ್ಲಿ ಇಲ್ಲದ್ದು ನಿಮ್ಮದರಲ್ಲಿ ಏನಿದೆ? ನಮ್ಮ ಹತ್ತಿರ ವಿಶೇಷಣಗಳಿದ್ದವು, ಉತ್ತರ ಇರಲಿಲ್ಲ.

ಆ ಕರಡಿಗೇ ಹತ್ತಿರ ಹತ್ತಿರ ಒಂದೂವರೆ ಲಕ್ಷ ಹೋಯಿತು. ಅಳತೆಗೆ ಕರೆಸಿದ ಸಂಸ್ಥೆಯವರು ಎತ್ತರ ಲೆಕ್ಕ ಹಾಕುವ ಆಧಾರ ಬಿಂದುವಾದ ಬೆಂಚ್‌ಮಾರ್ಕನ್ನೇ ತಪ್ಪಾಗಿ ಹಿಡಿದಿದ್ದರು. 145 ಅಡಿಯ ಗೋಪುರ ಅವರ ನಕ್ಷೆಯಲ್ಲಿ ಏಳೆಂಟು ಅಡಿ ಕುಳ್ಳಾಗಿತ್ತು. ಹಣ ವಾಪಸ್ ಬರಲಿಲ್ಲ. ಟೋಟಲ್ ಸ್ಟೇಷನ್ ಅನ್ನುವ ಅಳತೆಯ ಯಂತ್ರವನ್ನು ಬಾಡಿಗೆಗೆ ತಂದು ನಾವೇ ಆರು ದಿನ ಮತ್ತೆ ಅಳೆದೆವು.

ಎರಡನೇ ಕರಡಿನಲ್ಲಿ ದುರಾಸೆ. ಜಗನ್ಮೋಹನ ಮತ್ತು ಲಲಿತಮಹಲ್ ಅರಮನೆಗಳು, ಲ್ಯಾನ್ಸ್‌ಡೌನ್ ಕಟ್ಟಡ, ದೇವರಾಜ ಮಾರುಕಟ್ಟೆ, ಚಾಮುಂಡಿ ಬೆಟ್ಟ, ಎಲ್ಲವನ್ನೂ ಒಳಗೆ ಎಳೆದುಕೊಂಡೆವು. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದಿತ್ತು, 2016ರಲ್ಲಿ ದೇವರಾಜ ಮಾರುಕಟ್ಟೆಯದ್ದು. ಇವನ್ನು ಒಳಗಿಟ್ಟುಕೊಂಡು ಸಮಗ್ರತೆ ಉಳಿದಿದೆ, ಅಂದರೆ ಎಲ್ಲ ಭಾಗ ಇಡಿಯಾಗಿ ಇದೆ ಅಂತ ಬರೆಯೋದು ಹೇಗೆ? ಒಬ್ಬೊಬ್ಬ ಮಾಲೀಕರದ್ದು ಒಂದೊಂದು ದಾರಿ. ನಿರ್ವಹಣಾ ಯೋಜನೆ ಕಾಗದದ ಮೇಲೂ ನಿಲ್ಲಲಿಲ್ಲ. ಎಂಟು ತಿಂಗಳು ಹೋಯಿತು.

ದಾರಿ ಸಿಕ್ಕಿದ್ದು ಅರಮನೆಯೊಳಗಿನ ಕಲ್ಯಾಣ ಮಂಟಪದಲ್ಲಿ. ಅಲ್ಲಿನ ಗೋಡೆಗಳ ಮೇಲಿರುವ ದಸರಾ ಮೆರವಣಿಗೆಯ 26 ತೈಲಚಿತ್ರಗಳನ್ನು ನಾವೆಲ್ಲ ನೂರು ಸಲ ನೋಡಿದ್ದೇವೆ, ಅಲಂಕಾರ ಅಂತ. ಆದರೆ ಮೈಸೂರಿನ ಕಲಾವಿದರು ಅವನ್ನು ಬರೆದಿದ್ದು ಫೋಟೋಗಳನ್ನು ಮುಂದಿಟ್ಟುಕೊಂಡು. ಅಂದಮೇಲೆ ಅವು ದಾಖಲೆಗಳು! ಪ್ರತಿ ಚಿತ್ರದ ಹಿನ್ನೆಲೆಯನ್ನು ಪೆನ್ಸಿಲ್ಲಿನಲ್ಲಿ ಗೀಚಿಕೊಂಡು ಬಲರಾಮ ದ್ವಾರದಿಂದ ಬನ್ನಿಮಂಟಪದವರೆಗಿನ ಐದು ಕಿಲೋಮೀಟರನ್ನು ಹದಿನೈದು ಬೆಳಗ್ಗೆಯಾದರೂ ನಡೆದಿರಬೇಕು. ಸಯ್ಯಾಜಿರಾವ್ ರಸ್ತೆಯ ಒಬ್ಬ ಹಿರಿಯ ಅಂಗಡಿಯವರು ನನ್ನ ಹಾಳೆ ನೋಡಿ, "ಇದು ನಮ್ಮ ತಿರುವೇ ಸ್ವಾಮಿ, ನಮ್ಮ ತಾತ ಇಲ್ಲೇ ನಿಂತ್ಕೊಂಡು ಸವಾರಿ ನೋಡ್ತಿದ್ರು" ಅಂದರು. ಸುಮಾರು ಅರ್ಧದಷ್ಟು ಚಿತ್ರಗಳಿಗೆ ಜಾಗ ಸಿಕ್ಕಿತು. ಚಿತ್ರಕಾರನ ಕಣ್ಣಿನ ಎತ್ತರವನ್ನು ಇವತ್ತಿನ ರಸ್ತೆಗೆ ಹೊಂದಿಸಿದ್ದು ಹೇಗೆ ಅನ್ನೋದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಅದಕ್ಕೆ ನಾಲ್ಕು ತಿಂಗಳು ಸುರಿದಿದ್ದೇನೆ.

ಅಲ್ಲಿಂದ ಹೋಲಿಕೆಯ ದಿಕ್ಕೇ ಬದಲಾಯಿತು. ಶೈಲಿ ಬಿಟ್ಟು, ಅರಮನೆ ಮಾಡುವ ಕೆಲಸವನ್ನು ಹೋಲಿಸಿದೆವು. ನಮ್ಮ ಸಾರ್ವಜನಿಕ ದರ್ಬಾರು ಹಾಲ್ ಮೈದಾನದ ಕಡೆಗೆ ತೆರೆದುಕೊಂಡಿದೆ; ಜನರಿಗೆ ಕಾಣಲಿ ಅಂತಲೇ ಕಟ್ಟಿದ್ದು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಶುರುಮಾಡಿದ ದಸರೆಗೆ ಇದು ಇವತ್ತಿಗೂ ಮನೆ. 1971ರಲ್ಲಿ ರಾಜಧನ ರದ್ದಾದ ಮೇಲೆ ಅಂಬಾರಿಯಲ್ಲಿ ಅರಸರ ಜಾಗಕ್ಕೆ ಚಾಮುಂಡೇಶ್ವರಿ ಬಂದಳು, ಸವಾರಿ ಮುಂದುವರಿಯಿತು. ವಿಯೆಟ್ನಾಂನ ಹುಯೆ 1993ರಲ್ಲೇ ಪಟ್ಟಿಗೆ ಸೇರಿದ ಅರಮನೆ ನಗರ. ಅಲ್ಲಿ 1945ರಲ್ಲಿ ಅರಸೊತ್ತಿಗೆಯ ಜೊತೆಗೇ ಆಸ್ಥಾನದ ವಿಧಿಗಳು ನಿಂತವು, ಎಷ್ಟೋ ದಶಕಗಳ ಮೇಲೆ ಮತ್ತೆ ಶುರುವಾದವು. ಈ ಒಂದು ಹೋಲಿಕೆಗೆ ಮೂರು ಪುಟ ಕೊಟ್ಟೆವು, ಅದೇ ಗೆದ್ದಿತು. ಹಂಗಿಸುತ್ತಿದ್ದ ಗ್ಲಾಸ್ಗೋ ಕಬ್ಬಿಣವನ್ನೂ ಮುಚ್ಚಿಡಲಿಲ್ಲ. ಕಲ್ಯಾಣ ಮಂಟಪದ ನವಿಲಿನ ಗಾಜಿನ ಚಾವಣಿಯ ವಿನ್ಯಾಸ ನಮ್ಮ ಕಲಾವಿದರದು, ಕಬ್ಬಿಣದ ಎರಕ ಗ್ಲಾಸ್ಗೋದ ವಾಲ್ಟರ್ ಮ್ಯಾಕ್‌ಫಾರ್ಲೇನ್ ಕಂಪನಿಯದು. ಸಂಸ್ಕೃತಿಗಳು ಕೊಟ್ಟು ತಗೊಂಡಿದ್ದನ್ನು ಕೇಳುವ ಎರಡನೇ ಮಾನದಂಡಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ಅದರ ಜೊತೆಗೆ, ಸಾಂಸ್ಕೃತಿಕ ಪರಂಪರೆಗೆ ಸಾಕ್ಷಿ ಕೇಳುವ ಮೂರನೆಯದನ್ನಿಟ್ಟೆವು, ನಾಲ್ಕನೆಯದನ್ನು ಕೈಬಿಟ್ಟೆವು.

ಬಫರ್ ಜೋನಿನ, ಅಂದರೆ ಅರಮನೆಯ ಸುತ್ತಲಿನ ರಕ್ಷಣಾ ವಲಯದ ಗಡಿ ಎಳೆಯುವಾಗ ಒಂದು ಪ್ರಯೋಗ ಮಾಡಿದೆ. ಗೋಪುರ ಯಾವ್ಯಾವ ಮೂಲೆಯಿಂದ ಕಾಣುತ್ತದೆ ಅಂತ ಹಗಲು ಹೊತ್ತು ಹುಡುಕಿದರೆ ಮರ, ಕೇಬಲ್, ಫ್ಲೆಕ್ಸ್‌ಗಳ ನಡುವೆ ಕಣ್ಣು ಸೋಲುತ್ತದೆ. ಭಾನುವಾರ ಸಂಜೆ ಅರಮನೆಯ ದೀಪ ಹತ್ತಿದಾಗ ಸ್ಕೂಟರಿನಲ್ಲಿ ಸುತ್ತಿದೆವು. ಸುಮಾರು 97 ಸಾವಿರ ಬಲ್ಬು ಉರಿಯುವಾಗ ಅನುಮಾನವೇ ಇಲ್ಲ: ಕಂಡರೆ ಕಂಡಿತು, ಇಲ್ಲದಿದ್ದರೆ ಇಲ್ಲ. ಒಂದು ಸಂಜೆಗೆ ಹತ್ತು ಹನ್ನೆರಡು ಮೂಲೆ, ಐದು ಭಾನುವಾರ, ಖರ್ಚು ಪೆಟ್ರೋಲು ಮಾತ್ರ. ಅದೇ ಬಲ್ಬುಗಳ ರಾತ್ರಿ ಫೋಟೋದಿಂದ ಮುಂಭಾಗದ ರೇಖಾಚಿತ್ರ ತೆಗೆಯಲೂ ನೋಡಿದೆ. ಕಮಾನುಗಳು ಚೆಂದ ಬಂದವು, ಅಂಚಿನ ಕಡೆ ಲೆನ್ಸ್ ಬಾಗಿಸಿತು. ಬಿಟ್ಟೆ.

ಒಟ್ಟು ಮೂರೂಕಾಲು ಲಕ್ಷ ಖರ್ಚಾಗಿದೆ, ಅದರಲ್ಲಿ ನನ್ನ ಕೈಯಿಂದ ಎಂಬತ್ತು ಸಾವಿರ. ಮೊದಲೇ ಚಿತ್ರಗಳಿಂದ ಶುರುಮಾಡಿದ್ದರೆ ಒಂದು ಲಕ್ಷದೊಳಗೆ ಮುಗಿಯುತ್ತಿತ್ತು.

ಮುಂದಿನದು ನಮ್ಮ ಕೈಯಲ್ಲಿಲ್ಲ. ರಾಜ್ಯ ಒಪ್ಪಬೇಕು, ಪುರಾತತ್ವ ಸರ್ವೇಕ್ಷಣೆ ಒಪ್ಪಬೇಕು, ದೇಶ ಮುಂದೆ ನಾಮನಿರ್ದೇಶನ ಮಾಡಬಹುದಾದ ತಾಣಗಳ ತಾತ್ಕಾಲಿಕ ಪಟ್ಟಿಯಲ್ಲಿ ಕನಿಷ್ಠ ಒಂದು ವರ್ಷ ಇರಬೇಕು, ಪೂರ್ಣ ಕಡತ ಸಲ್ಲಿಸುವ ಮುಂಚೆ ಪೂರ್ವ ಮೌಲ್ಯಮಾಪನ ಆಗಬೇಕು. ಅಲ್ಲಿಯತನಕ ಜಾಗ ಸಿಗದ ಚಿತ್ರಗಳ ಬೆನ್ನು ಬಿದ್ದಿದ್ದೇನೆ. ಆಯುರ್ವೇದ ಕಾಲೇಜು ವೃತ್ತದ ಹತ್ತಿರ ಎರಡು ಮೂಲೆಗಳ ಮೇಲೆ ಗುಮಾನಿ ಇದೆ. ಬರುವ ದಸರೆಗೆ ಬೆಳಗ್ಗೆಯೇ ಹೋಗಿ ಜಾಗ ಹಿಡಿಯಬೇಕು, ಆನೆ ಬರುವ ಹೊತ್ತಿಗೆ ಕೈಯಲ್ಲಿ ಹಾಳೆ ಇರಬೇಕು.